ಒಂದು ರೀಲಿಗೆ ಎಷ್ಟು?



ಈ ಅಂಕಣದಲ್ಲಿ ಹಿಂದೊಮ್ಮೆ ವಿದ್ಯಾಸಾಲದ ಬಡ್ಡಿಯ ಬಗ್ಗೆ ಬರೆದಾಗ ನಿಮ್ಮಲ್ಲಿ ಏಳೆಂಟು ಮಂದಿ ಫೋನ್ ಮಾಡಿದ್ದಿರಿ. ಮಾತು ಅರ್ಧ ಕನ್ನಡ, ಅರ್ಧ ಹಿಂದಿ, ನಡುನಡುವೆ ಮರಾಠಿ. ಅಡ್ಡಿಯಿಲ್ಲ. “ಅಂಕಲ್, ನಾನು ಓದಿಲ್ಲ, ಅಮ್ಮ ಓದಿ ಹೇಳಿದರು” ಎಂದವರೂ ಇದ್ದರು. ಅದಕ್ಕೂ ಅಡ್ಡಿಯಿಲ್ಲ. ಆದರೆ ಅದೇ ವಾರ ರಾತ್ರಿ ಹತ್ತೂವರೆಗೆ ಬಂದ ಒಂದು ಕರೆ ಸಾಲದ ವಿಷಯಕ್ಕೆ ಸಂಬಂಧಿಸಿದ್ದಾಗಿರಲಿಲ್ಲ. ಮುಲುಂಡಿನಿಂದ ನನ್ನ ತಂಗಿ ಮಾತಾಡುತ್ತಿದ್ದಳು. “ಅಣ್ಣ, ಇವನು ರಾಜೀನಾಮೆ ಬರೆದಿಟ್ಟಿದ್ದಾನೆ. ನಾನು ಹೇಳಿದರೆ ಕೇಳುವುದಿಲ್ಲ. ನೀನೊಮ್ಮೆ ಮಾತಾಡು.”

‘ಇವನು’ ಎಂದರೆ ನನ್ನ ಸೋದರಳಿಯ. ಬಿ.ಕಾಂ. ಮುಗಿಸಿ ಅಂಧೇರಿಯ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಭಾನುವಾರ ಬಂತೆಂದರೆ ಮೊಬೈಲ್ ಹಿಡಿದು ಮಾಟುಂಗಾ, ಸಯನ್, ಚೆಂಬೂರು ಎಂದು ನಮ್ಮವರ ಹೋಟೆಲುಗಳಿಗೆ ಹೋಗುವುದು, ನೀರುದೋಸೆ, ಗೋಳಿಬಜೆ, ಬನ್ಸ್‌ಗಳ ಚಿತ್ರ ತೆಗೆಯುವುದು, ಅರ್ಧ ನಿಮಿಷದ ರೀಲ್ ಮಾಡಿ ಇನ್‌ಸ್ಟಾಗ್ರಾಮಿಗೆ ಏರಿಸುವುದು. ಹೀಗೆ ಮಾಡಿ ಮಾಡಿ 38 ಸಾವಿರ ಹಿಂಬಾಲಕರಾಗಿದ್ದರು. ಹುಡುಗ ಚೆನ್ನಾಗಿ ಮಾತಾಡುತ್ತಾನೆ. ಅವನ ಕನ್ನಡದಲ್ಲಿ ‘ಅಲ್ಪಪ್ರಾಣ’ ‘ಮಹಾಪ್ರಾಣ’ಗಳ ಗೊಂದಲ ಇದೆ, ಆದರೆ ಅದನ್ನೂ ಜನ ಇಷ್ಟಪಡುತ್ತಾರಂತೆ.

ಮರುದಿನವೇ ಡೊಂಬಿವಲಿಯ ನಮ್ಮ ಮನೆಗೆ ಬಂದ. ಕೈಯಲ್ಲಿ ಪ್ರಿಂಟ್ ತೆಗೆದ ಒಂದು ಹಾಳೆ. ಇಂತಿಷ್ಟು ಸಾವಿರ ಹಿಂಬಾಲಕರಿದ್ದರೆ ಪ್ರಾಯೋಜಕರು ಒಂದು ರೀಲಿಗೆ ಇಂತಿಷ್ಟು ಡಾಲರ್ ಕೊಡುತ್ತಾರೆ ಎಂಬ ಪಟ್ಟಿ. ಅದನ್ನು ರೂಪಾಯಿಗೆ ಪರಿವರ್ತಿಸಿ, ಸ್ವಲ್ಪ ಕಡಿತ ಮಾಡಿ, ಒಂದು ರೀಲಿಗೆ ಹತ್ತು ಸಾವಿರ ಎಂದು ಹಿಡಿದಿದ್ದ. ತಿಂಗಳಿಗೆ ಹನ್ನೆರಡು ರೀಲು. ಒಂದು ಲಕ್ಷ ಇಪ್ಪತ್ತು ಸಾವಿರ. “ಮಾಮ, ಸಂಬಳದ ಮೂರು ಪಟ್ಟು” ಎಂದ. ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ಕುಳಿತವನು ನಾನು, ಗುಣಾಕಾರದಲ್ಲಿ ತಪ್ಪು ಹುಡುಕಿದೆ. ಇರಲಿಲ್ಲ. ಆಮೇಲೆ ಕೇಳಿದೆ, “ಈ ಪಟ್ಟಿ ಬರೆದವರಿಗೆ ಈ ದರ ಯಾರು ಹೇಳಿದರು?” ಅವನು ಹಾಳೆಯನ್ನು ತಿರುಗಿಸಿ ನೋಡಿದ. ಹಿಂಬದಿ ಖಾಲಿ.

ಅಂದಿನಿಂದ ಎರಡು ತಿಂಗಳು ನಾವಿಬ್ಬರೂ ಕೂಡಿ ಒಂದೇ ಪ್ರಶ್ನೆಯ ಹಿಂದೆ ಬಿದ್ದೆವು. ಅಂತರ್ಜಾಲದಲ್ಲಿ ವಿಡಿಯೋ ಮಾಡುವವರಿಗೆ ಪ್ರಾಯೋಜಕರಿಂದ ನಿಜವಾಗಿ ಸಿಗುವುದು ಎಷ್ಟು? ಸಿಕ್ಕಿದ್ದನ್ನು ನಿಮ್ಮ ಮುಂದಿಡುತ್ತೇನೆ. ನಿಮ್ಮಲ್ಲೂ ಕೆಲವರ ಮೇಜಿನಲ್ಲಿ ಇಂಥ ಹಾಳೆ ಇರಬಹುದೆಂದು ನನ್ನ ಅನುಮಾನ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಯೂಟ್ಯೂಬ್ ತಾನೇ ಜಾಹೀರಾತು ಹಾಕಿ ಅದರ ಪಾಲು ಕೊಡುವುದು ಒಂದು ಬಗೆ. ಉದ್ದದ ವಿಡಿಯೋಗಳ ಜಾಹೀರಾತಿನಲ್ಲಿ ಶೇಕಡಾ 55, ಶಾರ್ಟ್ಸ್‌ನಲ್ಲಿ ಸೃಷ್ಟಿಕರ್ತರ ಪಾಲಿಗೆ ಬಂದದ್ದರಲ್ಲಿ ಶೇಕಡಾ 45 ಎಂದು ಅದೇ ಕಂಪನಿ ಬಹಿರಂಗವಾಗಿ ಹೇಳುತ್ತದೆ. ಪ್ರಾಯೋಜಕತ್ವ ಬೇರೆ. ಅಲ್ಲಿ ಕುಕ್ಕರ್ ಕಂಪನಿಯೋ ಮಸಾಲೆ ಪುಡಿಯವರೋ ನೇರವಾಗಿ ನಿಮ್ಮ ಜೊತೆ, ಇಲ್ಲವೇ ನಡುವಿನ ಏಜೆನ್ಸಿಯ ಮೂಲಕ ಮಾತಾಡಿ ಹಣ ಕೊಡುತ್ತಾರೆ. ಅದು ಇಬ್ಬರ ನಡುವಿನ ಖಾಸಗಿ ಒಪ್ಪಂದ. 2021ರ ಅಕ್ಟೋಬರಿನಲ್ಲಿ ಟ್ವಿಚ್ ಎಂಬ ಆಟದ ತಾಣದ ಕಡತಗಳು ಸೋರಿಕೆಯಾಗಿ, ಯಾರು ಯಾರಿಗೆ ಆ ತಾಣ ಎಷ್ಟು ಪಾವತಿ ಮಾಡಿತ್ತೆಂದು ಲೋಕಕ್ಕೆಲ್ಲ ತಿಳಿದುಹೋಯಿತು. ಆ ಸೋರಿಕೆಯಲ್ಲೂ ಪ್ರಾಯೋಜಕರ ಹಣ ಕಾಣಲಿಲ್ಲ. ಏಕೆಂದರೆ ಅದು ತಾಣದ ಪುಸ್ತಕದಲ್ಲಿ ಇರುವುದೇ ಇಲ್ಲ.

ಇಲ್ಲಿ ನನ್ನ ಕಾಲದ ಒಂದು ಸಂಗತಿ ಹೇಳಬೇಕು. 1980ರ ದಶಕದಲ್ಲಿ ಸಂಘದ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಗೆ ಜಾಹೀರಾತು ಕೇಳಲು ನಾವು ಹೊರಡುತ್ತಿದ್ದೆವು. ಸಂಜೆ ಬ್ಯಾಂಕ್ ಮುಗಿಸಿ, ಕೈಯಲ್ಲಿ ರಸೀದಿ ಪುಸ್ತಕ ಮತ್ತು ಸೈಕ್ಲೋಸ್ಟೈಲ್ ಮಾಡಿದ ದರಪಟ್ಟಿ. ಹಿಂದಿನ ಹೊರಕವಚಕ್ಕೆ ಇಷ್ಟು, ಒಳಕವಚಕ್ಕೆ ಇಷ್ಟು, ಪೂರ್ಣ ಪುಟ, ಅರ್ಧ ಪುಟ, ಕಾಲು ಪುಟ. ಹೋಟೆಲಿನ ಧಣಿಗಳು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಲ್ಲಿಂದಲೇ, “ಮೊದಲು ಕಾಫಿ ಕುಡಿಯಿರಿ” ಎನ್ನುತ್ತಿದ್ದರು. ಪಟ್ಟಿ ನೋಡದೆಯೇ “ಹೋದ ವರ್ಷ ಎಷ್ಟು ಕೊಟ್ಟಿದ್ದೆ?” ಎಂದು ಕೇಳಿ ಅಷ್ಟನ್ನೇ ಕೊಡುತ್ತಿದ್ದರು. ‘ಶುಭ ಹಾರೈಕೆಗಳೊಂದಿಗೆ’ ಎಂದು ಅಚ್ಚು ಹಾಕಿದರೆ ಮುಗಿಯಿತು. ಅದು ವ್ಯಾಪಾರಕ್ಕಿಂತ ಹೆಚ್ಚಾಗಿ ಊರಿನ ಋಣ. ಆದರೂ ದರ ಮಾತ್ರ ಎಲ್ಲರಿಗೂ ಗೊತ್ತಿತ್ತು, ಎಲ್ಲರಿಗೂ ಒಂದೇ ಇತ್ತು. ಅಳಿಯನ ಹಾಳೆ ನೋಡಿದಾಗ ಅದೂ ಅಂಥದೇ ದರಪಟ್ಟಿ ಇರಬೇಕೆಂದು ನನಗೂ ಕ್ಷಣಕಾಲ ಅನಿಸಿದ್ದು ಸುಳ್ಳಲ್ಲ.

ಅಲ್ಲವೆಂದು ತೋರಿಸಿಕೊಟ್ಟದ್ದು ವಿರಾಟ್ ಕೊಹ್ಲಿಯ ಪ್ರಸಂಗ. 2023ರ ಆಗಸ್ಟಿನಲ್ಲಿ, ಅವರು ಇನ್‌ಸ್ಟಾಗ್ರಾಮಿನ ಒಂದು ಪೋಸ್ಟಿಗೆ ಹನ್ನೊಂದು ಕೋಟಿ ರೂಪಾಯಿಗೂ ಹೆಚ್ಚು ಪಡೆಯುತ್ತಾರೆಂದು ನಮ್ಮ ಪತ್ರಿಕೆಗಳೆಲ್ಲ ಬರೆದವು. ಮೂಲ ಯಾವುದೆಂದರೆ ಹಾಪರ್ ಎಚ್‌ಕ್ಯೂ ಎಂಬ ವಿದೇಶೀ ಕಂಪನಿ ಪ್ರಕಟಿಸುವ ‘ಶ್ರೀಮಂತರ ಪಟ್ಟಿ’. ಆಗಸ್ಟ್ 12ರಂದು ಕೊಹ್ಲಿಯೇ ಎಕ್ಸ್ ತಾಣದಲ್ಲಿ ಬರೆದು, ತನ್ನ ಸಾಮಾಜಿಕ ಜಾಲತಾಣದ ಗಳಿಕೆಯ ಕುರಿತು ಓಡಾಡುತ್ತಿರುವ ಸುದ್ದಿ ನಿಜವಲ್ಲ ಎಂದರು. ಆದರೂ ಆ ಹನ್ನೊಂದು ಕೋಟಿಯ ಅಂಕಿ ಇಂದಿಗೂ ಸಾಯಲಿಲ್ಲ. ಅಳಿಯನ ಹಾಳೆಯಲ್ಲೂ ಮೇಲುಗಡೆ ಅದೇ ಇತ್ತು. ಇಂಥ ಪಟ್ಟಿಗಳು ಹೇಗೆ ಹುಟ್ಟುತ್ತವೆಂದರೆ, ಹಿಂಬಾಲಕರ ಸಂಖ್ಯೆಯನ್ನು ಯಾವುದೋ ಊಹೆಯ ದರದಿಂದ ಗುಣಿಸುತ್ತಾರೆ. ಒಂದು ತಾಣ ಇನ್ನೊಂದರಿಂದ ಎತ್ತಿಕೊಳ್ಳುತ್ತದೆ. ಹತ್ತು ಕಡೆ ಅದೇ ಅಂಕಿ ಕಂಡಾಗ ನಮಗೆ ನಂಬಿಕೆ ಬರುತ್ತದೆ. ಬೇರು ಮಾತ್ರ ಒಂದೇ.

ಹಾಗಾದರೆ ನಿಜವಾದ ಅಂಕಿ ಎಲ್ಲೂ ಸಿಗುವುದಿಲ್ಲವೇ? ಸಿಗುತ್ತದೆ, ಯಾರಾದರೂ ಕಾನೂನಿನ ಕೈಗೆ ಸಿಕ್ಕಿಬಿದ್ದಾಗ. ಇದನ್ನು ಕಂಡುಹಿಡಿದದ್ದು ನಾನಲ್ಲ, ಅಳಿಯ. ಲೆಕ್ಕಪತ್ರದವನಲ್ಲವೇ, ‘ಸುದ್ದಿ ಬೇಡ ಮಾಮ, ಕಾಗದ ನೋಡೋಣ’ ಎಂದ. ಅಮೆರಿಕದ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್, ಹಣ ಪಡೆದದ್ದನ್ನು ಮುಚ್ಚಿಟ್ಟು ಹೊಗಳಿದ ಪ್ರಕರಣಗಳಲ್ಲಿ ದೂರು ದಾಖಲಿಸುವಾಗ ಎಷ್ಟು ಹಣ ಎಂದೂ ಬರೆಯುತ್ತದೆ. ಆ ದಾಖಲೆಗಳು ಬಹಿರಂಗ. ಅವು ಅಮೆರಿಕದ ಲೆಕ್ಕ, ಹಳೆಯ ಲೆಕ್ಕ ಕೂಡ. ಆದರೆ ಊಹೆಯಲ್ಲ.

2015ರ ಒಂದು ಪ್ರಕರಣ ನೋಡಿ. ಮಷಿನಿಮಾ ಎಂಬ ಯೂಟ್ಯೂಬ್ ಜಾಲ ಎಕ್ಸ್‌ಬಾಕ್ಸ್ ಒನ್ ಆಟದ ಯಂತ್ರವನ್ನು ಹೊಗಳಿಸಲು ವಿಡಿಯೋಗಾರರಿಗೆ ಹಣ ಕೊಟ್ಟಿತ್ತು. ಒಬ್ಬರಿಗೆ 15,000 ಡಾಲರ್, ಆ ವಿಡಿಯೋಗಳನ್ನು ನೋಡಿದ್ದು ಎರಡೂವರೆ ಲಕ್ಷ ಸಲ. ಇನ್ನೊಬ್ಬರಿಗೆ 30,000 ಡಾಲರ್, ನೋಡಿದ್ದು 7 ಲಕ್ಷ 30 ಸಾವಿರ ಸಲ. ಭಾಗಿಸಿದರೆ ಸಾವಿರ ನೋಟಕ್ಕೆ ಮೊದಲನೆಯವರಿಗೆ 60 ಡಾಲರ್, ಎರಡನೆಯವರಿಗೆ ಸುಮಾರು 41. ಇದೇ ಪ್ರಚಾರದ ಮುಂದಿನ ಹಂತದಲ್ಲಿ ಬಂದ ಉಳಿದ ವಿಡಿಯೋಗಾರರಿಗೆ ಎಷ್ಟು ಗೊತ್ತೇ? ಸಾವಿರ ನೋಟಕ್ಕೆ ಒಂದು ಡಾಲರ್! ಅದೂ ಒಟ್ಟು 25,000 ಡಾಲರಿನ ಮಿತಿಯೊಳಗೆ. ವಸ್ತು ಒಂದೇ, ಕಂಪನಿ ಒಂದೇ, ಹೊಗಳಿಕೆಯೂ ಒಂದೇ. ದರದಲ್ಲಿ ಅರವತ್ತು ಪಟ್ಟು ವ್ಯತ್ಯಾಸ.

ಈ ಭಾಗಾಕಾರ ಮಾಡಿದ ರಾತ್ರಿ ಹುಡುಗ ಬಹಳ ಹೊತ್ತು ಮಾತಾಡಲಿಲ್ಲ.

ಇನ್ನೊಂದು, ಲಾರ್ಡ್ ಅಂಡ್ ಟೇಲರ್ ಎಂಬ ನ್ಯೂಯಾರ್ಕಿನ ಬಟ್ಟೆ ಅಂಗಡಿಯದು. 2015ರ ಮಾರ್ಚಿನಲ್ಲಿ 50 ಮಂದಿ ಫ್ಯಾಷನ್ ತಾರೆಯರಿಗೆ ಒಂದೇ ಉಡುಪನ್ನು ಪುಕ್ಕಟೆ ಕೊಟ್ಟು, ಗೊತ್ತುಪಡಿಸಿದ ವಾರಾಂತ್ಯದಲ್ಲಿ ಅದನ್ನು ತೊಟ್ಟ ಚಿತ್ರ ಹಾಕಿಸಿದರು. ತಲಾ 1,000ದಿಂದ 4,000 ಡಾಲರ್. ಚಿತ್ರಗಳು ಒಂದು ಕೋಟಿ ಹದಿನಾಲ್ಕು ಲಕ್ಷ ಜನರನ್ನು ತಲುಪಿದವು, ಉಡುಪು ಪೂರ್ತಿ ಮಾರಿಹೋಯಿತು. 2017ರಲ್ಲಿ ಒಂದು ಜೂಜಿನ ತಾಣದ ಪ್ರಕರಣ ಬಂತು. ಅಲ್ಲಿ ಪ್ರಚಾರಕರಿಗೆ ಕೊಟ್ಟದ್ದು 2,500ರಿಂದ 55,000 ಡಾಲರ್. ಜೂಜಿನವರ ಕೈ ಯಾವಾಗಲೂ ಧಾರಾಳ. ಆ ಮಾತಿಗೆ ಆಮೇಲೆ ಬರುತ್ತೇನೆ.

ಎಲ್ಲಕ್ಕಿಂತ ದೊಡ್ಡ ಅಂಕಿ ಕಿಮ್ ಕರ್ದಾಶಿಯನ್ ಅವರದು. ಒಂದು ಕ್ರಿಪ್ಟೋ ನಾಣ್ಯದ ಬಗ್ಗೆ 2021ರಲ್ಲಿ ಇನ್‌ಸ್ಟಾಗ್ರಾಮಿನಲ್ಲಿ ಹಾಕಿದ ಒಂದೇ ಒಂದು ಪೋಸ್ಟಿಗೆ ಎರಡೂವರೆ ಲಕ್ಷ ಡಾಲರ್ ಪಡೆದಿದ್ದರು. ಅದನ್ನು ಹೇಳಲಿಲ್ಲವೆಂದು ಅಮೆರಿಕದ ಶೇರು ಪೇಟೆಯ ನಿಯಂತ್ರಕರು ಹಿಡಿದರು. 2022ರ ಅಕ್ಟೋಬರಿನಲ್ಲಿ 12 ಲಕ್ಷ 60 ಸಾವಿರ ಡಾಲರ್ ಕೊಟ್ಟು ರಾಜಿ ಮಾಡಿಕೊಂಡರು. ಪಡೆದದ್ದರ ಐದು ಪಟ್ಟು ಹೋಯಿತು. ಆದರೆ ನಮ್ಮ ವಿಷಯಕ್ಕೆ ಮುಖ್ಯವಾದದ್ದು ಬೇರೆ. ಅವರಿಗೆ ಆಗಲೇ ಇಪ್ಪತ್ತು ಕೋಟಿಗೂ ಮಿಕ್ಕಿ ಹಿಂಬಾಲಕರಿದ್ದರು. ಸಾವಿರ ಹಿಂಬಾಲಕರಿಗೆ ಎಂದು ಲೆಕ್ಕ ಹಾಕಿದರೆ ಒಂದೂಕಾಲು ಡಾಲರೂ ಬೀಳುವುದಿಲ್ಲ. ಅದೇ ದರದಲ್ಲಿ ನಮ್ಮ ಹುಡುಗನ 38 ಸಾವಿರಕ್ಕೆ ಐವತ್ತು ಡಾಲರೂ ಇಲ್ಲ. ಜಗತ್ತಿನ ಅತಿ ಪ್ರಸಿದ್ಧ ಮುಖವೊಂದರ ದರದಲ್ಲಿ!

ನಮ್ಮ ದೇಶದಲ್ಲಿ ಇಷ್ಟು ಸ್ಪಷ್ಟ ದಾಖಲೆ ಸಿಗುವುದು ಕಷ್ಟ. ಕೆಲವು ಸಿಕ್ಕವು. ಉತ್ತರ ಪ್ರದೇಶ ಸರಕಾರ 2024ರ ಆಗಸ್ಟಿನಲ್ಲಿ ಡಿಜಿಟಲ್ ಮಾಧ್ಯಮ ನೀತಿಯೊಂದನ್ನು ಒಪ್ಪಿ, ತನ್ನ ಯೋಜನೆಗಳ ಪ್ರಚಾರಕ್ಕೆ ದರ ಗೊತ್ತುಮಾಡಿತು. ಹಿಂಬಾಲಕರ ಸಂಖ್ಯೆಯ ಮೇಲೆ ವರ್ಗಗಳು, ಎಕ್ಸ್, ಫೇಸ್‌ಬುಕ್, ಇನ್‌ಸ್ಟಾಗ್ರಾಮಿಗೆ ತಿಂಗಳಿಗೆ ಗರಿಷ್ಠ 5 ಲಕ್ಷ ರೂಪಾಯಿ, ಯೂಟ್ಯೂಬಿಗೆ ಗರಿಷ್ಠ 8 ಲಕ್ಷ. ಅಳಿಯ ಕಣ್ಣರಳಿಸಿದ. ಗರಿಷ್ಠ ಎಂಬ ಪದದ ಕೆಳಗೆ ನಾನು ಗೆರೆ ಎಳೆದೆ. ಬ್ಯಾಂಕಿನಲ್ಲಿ ‘ಗರಿಷ್ಠ ಸಾಲ’ ಎಂಬ ಫಲಕ ನೋಡಿ ಬಂದವರಿಗೆಲ್ಲ ನಾನು ಇದನ್ನೇ ಹೇಳುತ್ತಿದ್ದೆ. ಇಡೀ ದೇಶದ ಮಾರುಕಟ್ಟೆ ಎಷ್ಟೆಂದರೆ, 2024ರಲ್ಲಿ ಇ.ವೈ. ಸಂಸ್ಥೆಯ ವರದಿ 2,344 ಕೋಟಿ ರೂಪಾಯಿ ಎಂದು ಅಂದಾಜು ಮಾಡಿತ್ತು. ದೊಡ್ಡ ಮೊತ್ತವೇ. ಆದರೆ ಅದರಲ್ಲಿ ಕ್ರಿಕೆಟಿಗರೂ ಸಿನಿಮಾದವರೂ ಉಣ್ಣಬೇಕು, ಉಳಿದದ್ದು ಲಕ್ಷಾಂತರ ಹುಡುಗ ಹುಡುಗಿಯರಿಗೆ.

ನಿಮಗೆ ಉಪಯೋಗವಾಗುವ ಇನ್ನೊಂದು ದಾರಿ ಇದೆ. ದೊಡ್ಡ ಯೂಟ್ಯೂಬರುಗಳಲ್ಲಿ ಕೆಲವರು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಕೊಂಡಿದ್ದಾರೆ. ಅಂಥ ಕಂಪನಿ ವರ್ಷವರ್ಷ ಲೆಕ್ಕಪತ್ರವನ್ನು ಕೇಂದ್ರ ಸರಕಾರದ ಕಂಪನಿ ವ್ಯವಹಾರ ಸಚಿವಾಲಯಕ್ಕೆ ಸಲ್ಲಿಸಲೇಬೇಕು. ಸಣ್ಣ ಶುಲ್ಕ ಕಟ್ಟಿದರೆ ಯಾರು ಬೇಕಾದರೂ ನೋಡಬಹುದು. ಜಾಹೀರಾತಿನ ಪಾಲು ಎಷ್ಟು, ಪ್ರಾಯೋಜಕರದು ಎಷ್ಟು ಎಂದು ಬಿಡಿಸಿ ಹೇಳಿರುವುದಿಲ್ಲ. ಆದರೆ ಒಟ್ಟು ಆದಾಯ, ಸಂಬಳ, ಖರ್ಚು ಕಾಣುತ್ತದೆ. ಒಬ್ಬರದನ್ನು ನೋಡಿದೆವು, ಹೆಸರು ಬೇಡ. ಕ್ಯಾಮರಾದ ಹಿಂದೆ ಎಷ್ಟು ಜನರ ಸಂಬಳ ಇದೆಯೆಂದು ನೋಡಿ ಅಳಿಯನಿಗೆ ಆಶ್ಚರ್ಯವಾಯಿತು. ಪರದೆಯ ಮೇಲೆ ಒಬ್ಬನೇ ಕಾಣುತ್ತಾನಲ್ಲ!

ಇಷ್ಟೆಲ್ಲ ಆದ ಮೇಲೆ ನಾನು ಕೇಳಿದೆ, “ಊರಿನವರದ್ದೆಲ್ಲ ನೋಡಿ ಆಯಿತು, ನಿನ್ನದು ತೋರಿಸು.” ಅವನ ಬಳಿ ಲೆಕ್ಕ ಇರಲಿಲ್ಲ. ಕಚೇರಿಯಲ್ಲಿ ದಿನವಿಡೀ ಬೇರೆಯವರ ಲೆಕ್ಕ ಬರೆಯುವವನು ತನ್ನದನ್ನು ಬರೆದಿಡಲಿಲ್ಲ. ವಾಟ್ಸಾಪ್ ಸಂದೇಶ, ಬ್ಯಾಂಕ್ ಪಾಸ್‌ಬುಕ್, ಟ್ಯಾಕ್ಸಿ ಬಿಲ್ಲು ಎಲ್ಲ ಒಟ್ಟುಮಾಡಿ 2024-25ನೆಯ ಸಾಲಿನ ಒಂದು ರಿಜಿಸ್ಟರ್ ಮಾಡಿದೆವು. ಅವನ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ಆ ವರ್ಷ ಪ್ರಾಯೋಜಕರಿಂದ ಬಂದ ವಿಚಾರಣೆ 14. ಆರು ಮಂದಿ ದರ ಕೇಳಿ ಮಾಯ. ಐದು ಮಂದಿ ಕೊಟ್ಟದ್ದು ವಸ್ತು: ಒಂದು ಮಿಕ್ಸರ್, ಎರಡು ಶರ್ಟು, ಮಸಾಲೆ ಡಬ್ಬಗಳು, ಊಟದ ಕೂಪನ್ನು, ಒಂದು ಬೆನ್ನಚೀಲ. ಹಣ ಕೊಟ್ಟವರು ಮೂವರೇ. 4,000, 7,500, 12,000. ಕೂಡಿದರೆ 23,500 ರೂಪಾಯಿ. ಆ ವರ್ಷ ಓಡಾಟ, ಹೋಟೆಲ್ ಬಿಲ್ಲು, ಮೈಕು, ಸ್ಟ್ಯಾಂಡು ಎಂದು ಕೈಯಿಂದ ಹೋದದ್ದು 31,000. ಒಂದು ರೀಲಿಗೆ ಹೋಗಿಬರುವುದು, ಚಿತ್ರೀಕರಣ, ಸಂಕಲನ, ಅಕ್ಷರ ಜೋಡಣೆ ಸೇರಿ ಎಂಟೊಂಬತ್ತು ಗಂಟೆ.

ಹಾಗೆಂದು ಸೋತ ಲೆಕ್ಕ ಎಂದು ನಾನು ಹೇಳುವುದಿಲ್ಲ. ಮೊದಲ ಮೂರು ವರ್ಷ ನಷ್ಟದಲ್ಲಿ ನಡೆದ ಹೋಟೆಲುಗಳಿಗೆ ನಾನೇ ಸಾಲ ಮಂಜೂರು ಮಾಡಿದ್ದೇನೆ, ಅವು ಇಂದು ನಾಲ್ಕು ಶಾಖೆಯಾಗಿವೆ. ಆದರೆ ಆ ಧಣಿಗಳಿಗೆ ನಷ್ಟ ಎಷ್ಟೆಂದು ಪೈಸೆಯವರೆಗೆ ಗೊತ್ತಿತ್ತು.

ಆ 12,000 ರೂಪಾಯಿಯ ಕತೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಡುಗೆ ಪಾತ್ರೆಯ ಒಂದು ಕಂಪನಿಯದು. ಒಪ್ಪಂದವನ್ನು ಅವನು ಮೊಬೈಲಿನಲ್ಲೇ ಸರಸರ ಓದಿ ಸಹಿ ಹಾಕಿದ್ದ. ನಾನು ಕನ್ನಡಕ ಹಾಕಿ ಓದಿದಾಗ ಎರಡು ಕಲಮು ಕಂಡವು. ಒಂದು, ಆ ವಿಡಿಯೋವನ್ನು ಕಂಪನಿ ಒಂದು ವರ್ಷ ತನ್ನ ಸ್ವಂತ ಜಾಹೀರಾತಿನಲ್ಲಿ ಬೇಕಾದಲ್ಲಿ ಬಳಸಬಹುದು. ಎರಡು, ಆರು ತಿಂಗಳು ಬೇರೆ ಯಾವ ಪಾತ್ರೆ, ಒಲೆ, ಮಿಕ್ಸರ್ ಕಂಪನಿಯ ಕೆಲಸವನ್ನೂ ಹಿಡಿಯಬಾರದು. ಎರಡನೆಯದರಿಂದಾಗಿ 9,000 ರೂಪಾಯಿಯ ಇನ್ನೊಂದು ಕೆಲಸ ಬಿಡಬೇಕಾಯಿತು. ಅಂದರೆ ಆ ಹನ್ನೆರಡು ಸಾವಿರ ಒಂದು ರೀಲಿನ ದರವಲ್ಲ. ರೀಲು, ಒಂದು ವರ್ಷದ ಮುಖಬಾಡಿಗೆ, ಆರು ತಿಂಗಳ ಬಾಯಿಕಟ್ಟು, ಮೂರೂ ಸೇರಿದ್ದು. ಅನುಭವಸ್ಥರು ಈ ಮೂರಕ್ಕೂ ಬೇರೆ ಬೇರೆ ದರ ಕೇಳುತ್ತಾರೆ. ‘ಒಂದು ರೀಲಿಗೆ ಎಷ್ಟು’ ಎಂದು ಕೇಳಿದರೆ ಯಾರೂ ನೇರ ಉತ್ತರ ಕೊಡದಿರಲು ಇದೂ ಕಾರಣ.

ಹಣ ಬಂದದ್ದು ಐದು ತಿಂಗಳ ಮೇಲೆ. ಇದಕ್ಕೆ ಒಂದು ಮದ್ದು ಇದೆ, ನಿಮ್ಮಲ್ಲಿ ಇಂಥ ಕೆಲಸ ಮಾಡುವವರು ಗಮನಿಸಿ. ‘ಉದ್ಯಮ’ ಎಂಬ ಸರಕಾರಿ ನೋಂದಣಿ ಉಚಿತ. ಸೂಕ್ಷ್ಮ, ಸಣ್ಣ ಉದ್ಯಮಗಳ 2006ರ ಕಾಯಿದೆಯ ಪ್ರಕಾರ ನೋಂದಾಯಿತರಿಗೆ ಖರೀದಿದಾರ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬಡ್ಡಿ ವಸೂಲಾಗುತ್ತದೋ ಇಲ್ಲವೋ, ಬಿಲ್ಲಿನ ಮೇಲೆ ಆ ನೋಂದಣಿ ಸಂಖ್ಯೆ ಇದ್ದರೆ ಎದುರಿನವರು ಸ್ವಲ್ಪ ನೆಟ್ಟಗೆ ಕುಳಿತುಕೊಳ್ಳುತ್ತಾರೆ.

ಪುಕ್ಕಟೆ ಬಂದ ಮಿಕ್ಸರಿನ ವಿಷಯ. ತಂಗಿ ಅದನ್ನು ‘ಉಡುಗೊರೆ’ ಎಂದೇ ನೆರೆಮನೆಯವರಿಗೆ ತೋರಿಸಿದ್ದಳು. ತೆರಿಗೆಯವರ ಕಣ್ಣಿಗೆ ಅದು ಆದಾಯ. ಒಬ್ಬನೇ ಪ್ರಾಯೋಜಕ ವರ್ಷಕ್ಕೆ 20,000 ರೂಪಾಯಿಗಿಂತ ಹೆಚ್ಚಿನ ಬೆಲೆಯ ವಸ್ತು ಕೊಟ್ಟರೆ ಶೇಕಡಾ 10 ತೆರಿಗೆಯನ್ನು ಮೂಲದಲ್ಲೇ ಕಡಿಯಬೇಕೆಂಬ ನಿಯಮ 2022ರ ಜುಲೈ 1ರಿಂದ ಬಂತು. ವಿಡಿಯೋ ಮಾಡಿ ವಸ್ತುವನ್ನು ಹಿಂದಿರುಗಿಸಿದರೆ ಅದು ಲಾಭವಲ್ಲ, ಇಟ್ಟುಕೊಂಡರೆ ಲಾಭ ಎಂದು ಆಗಿನ ಸುತ್ತೋಲೆ ಹೇಳಿತು. ಅಳಿಯನ ಮಿಕ್ಸರ್ ಆ ಮಿತಿಯೊಳಗೇ ಇತ್ತು, ಕಡಿತದ ತೊಂದರೆಯಿಲ್ಲ. ಆದರೂ ರಿಜಿಸ್ಟರಿನ ಆದಾಯದ ಕಡೆ ಅದನ್ನು ಬರೆಸಿದೆ.

ಈಗ ನೋಡುಗರ ಕಡೆಯಿಂದ ಒಂದು ಮಾತು. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ, 1952ರಲ್ಲಿ ರೇಡಿಯೋ ಸಿಲೋನಿನಲ್ಲಿ ಅಮೀನ್ ಸಯಾನಿಯವರು ಆರಂಭಿಸಿದ ಹಾಡಿನ ಕಾರ್ಯಕ್ರಮದ ಹೆಸರೇ ‘ಬಿನಾಕಾ ಗೀತಮಾಲಾ’. ಬಿನಾಕಾ ಎಂದರೆ ಹಲ್ಲುಪೇಸ್ಟು. ಹಣ ಯಾರದೆಂದು ಹೆಸರಿನಲ್ಲೇ ಗೊತ್ತಾಗುತ್ತಿತ್ತು, ಮುಚ್ಚುಮರೆ ಇರಲಿಲ್ಲ. ಇಂದು ನಿಮ್ಮ ಗೆಳೆಯನಂತೆ ಮಾತಾಡುವವನು ‘ನಾನು ದಿನಾ ಇದನ್ನೇ ಬಳಸುವುದು’ ಎಂದರೆ ಅದು ಮಾತೋ ಮಾರಾಟವೋ ತಿಳಿಯದು. ಮುಂಬೈಯಲ್ಲೇ ಇರುವ ಜಾಹೀರಾತು ಗುಣಮಟ್ಟ ಮಂಡಳಿ, ಹಣ ಪಡೆದ ಪೋಸ್ಟಿಗೆ ಹಾಗೆಂದು ಚೀಟಿ ಅಂಟಿಸಬೇಕೆಂದು 2021ರ ಜೂನ್ 14ರಿಂದ ನಿಯಮ ಮಾಡಿತು. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ಕೊಟ್ಟ ಮಾರ್ಗಸೂಚಿಯಲ್ಲಿ ಇನ್ನೊಂದು ಅಂಶ ನನಗೆ ಹಿಡಿಸಿತು. ಹೊಗಳಿಕೆ ಯಾವ ಭಾಷೆಯಲ್ಲಿದೆಯೋ ಘೋಷಣೆಯೂ ಅದೇ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ಹೊಗಳಿದರೆ ಕನ್ನಡದಲ್ಲೇ ‘ಜಾಹೀರಾತು’ ಎನ್ನಬೇಕು. ನಿಮಗೇನು ಕಷ್ಟವಿಲ್ಲ, ಮರಾಠಿಯಲ್ಲೂ ಅದು ಜಾಹಿರಾತ್ ತಾನೆ! ದಾರಿತಪ್ಪಿಸುವ ಹೊಗಳಿಕೆಗೆ ಮೊದಲ ಸಲ 10 ಲಕ್ಷ, ಮರುಕಳಿಸಿದರೆ 50 ಲಕ್ಷ ರೂಪಾಯಿಯವರೆಗೆ ದಂಡ ಹಾಕುವ ಅಧಿಕಾರ ಕಾಯಿದೆಯಲ್ಲಿದೆ. ಅಳಿಯನ ಮೂರು ರೀಲುಗಳಲ್ಲಿ ಒಂದರಲ್ಲಿ ಮಾತ್ರ ಚೀಟಿ ಇತ್ತು. “ಚೀಟಿ ಹಾಕಿದರೆ ಜನ ನೋಡುವುದಿಲ್ಲ ಮಾಮ” ಎಂದ. ಪಾಪ, ಅದೂ ನಿಜವಿರಬಹುದು.

ಈಗ ಜೂಜಿನ ಮಾತು. ರಿಜಿಸ್ಟರ್ ಬರೆಯುವಾಗ ಒಂದು ಸಂದೇಶವನ್ನು ಅವನು ದಾಟಿಸಿಬಿಡಲು ನೋಡಿದ. ಹಿಡಿದು ಕೇಳಿದೆ. ವಿಚಾರಣೆ ಬಂದದ್ದು 14 ಎಂದೆನಲ್ಲ, ನಿಜವಾಗಿ 15. 2025ರ ಆರಂಭದಲ್ಲಿ ಒಂದು ಬೆಟ್ಟಿಂಗ್ ಆ್ಯಪಿನವರು ಒಂದು ರೀಲಿಗೆ 80,000 ರೂಪಾಯಿ ಕೊಡುತ್ತೇವೆ, ಅರ್ಧ ಮುಂಗಡ ಎಂದಿದ್ದರು. ವರ್ಷದ ಎಲ್ಲ ಪ್ರಾಯೋಜಕರು ಸೇರಿ ಕೊಟ್ಟದ್ದರ ಮೂರು ಪಟ್ಟಿಗೂ ಹೆಚ್ಚು, ಒಂದೇ ಏಟಿಗೆ. ಮಾಡಬೇಕಾದ್ದು ಇಷ್ಟೇ, ದೋಸೆ ತಿನ್ನುತ್ತ ಮೊಬೈಲ್ ತೋರಿಸಿ ‘ಇವತ್ತಿನ ಬಿಲ್ಲು ಇದರಲ್ಲೇ ಗೆದ್ದೆ’ ಎನ್ನುವುದು.

“ನೀನು ಏನು ಹೇಳಿದೆ?” ಎಂದೆ.

“ನಾಲ್ಕು ದಿನ ಉತ್ತರ ಕೊಡಲಿಲ್ಲ. ಆಮೇಲೆ ಹೂಂ ಎಂದು ಟೈಪ್ ಮಾಡಿದ್ದೆ, ಕಳಿಸಿರಲಿಲ್ಲ. ಅಷ್ಟರಲ್ಲಿ ಹೈದರಾಬಾದಿನ ಸುದ್ದಿ ಬಂತು.”

2025ರ ಮಾರ್ಚಿನಲ್ಲಿ ಬೆಟ್ಟಿಂಗ್ ಆ್ಯಪುಗಳ ಪ್ರಚಾರ ಮಾಡಿದರೆಂದು ಸಿನಿಮಾ ನಟರೂ ಸೇರಿ 25 ಮಂದಿಯ ಮೇಲೆ ಅಲ್ಲಿನ ಪೊಲೀಸರು ಪ್ರಕರಣ ದಾಖಲಿಸಿದ್ದರು. ಅದೇ ವರ್ಷ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯಿದೆ ಮಾಡಿತು. ಅದರ ಜಾಹೀರಾತಿಗೆ ಎರಡು ವರ್ಷದವರೆಗೆ ಸೆರೆ, 50 ಲಕ್ಷದವರೆಗೆ ದಂಡ.

“ಸುದ್ದಿ ಬರದಿದ್ದರೆ?” ಎಂದು ಕೇಳಿದೆ. ಕೇಳಬಾರದಿತ್ತೇನೋ.

“ಗೊತ್ತಿಲ್ಲ ಮಾಮ” ಎಂದ.

ನನಗೆ ಆ ಉತ್ತರದ ಮೇಲೆ ಗೌರವ ಬಂತು. ಅಡಿಗೆಮನೆಯಲ್ಲಿದ್ದ ತಂಗಿಗೆ ಕೇಳಿಸಿತೋ ಇಲ್ಲವೋ, ಪಾತ್ರೆಯ ಸದ್ದು ನಿಂತಿತ್ತು. ಆ ಹದಿನೈದನೆಯ ಸಾಲನ್ನೂ ರಿಜಿಸ್ಟರಿನಲ್ಲಿ ಬರೆದೆವು, ಮೊತ್ತದ ಜಾಗದಲ್ಲಿ ಸೊನ್ನೆ.

ರಾಜೀನಾಮೆ ಪತ್ರ ಇನ್ನೂ ಅವನ ಲ್ಯಾಪ್‌ಟಾಪಿನಲ್ಲಿದೆ, ತಾರೀಖಿನ ಜಾಗ ಖಾಲಿ. ಆರು ತಿಂಗಳು ಸತತವಾಗಿ ಪ್ರಾಯೋಜಕರ ಹಣ ಸಂಬಳದ ಅರ್ಧಕ್ಕೆ ಮುಟ್ಟಿದರೆ ತಾರೀಖು ಹಾಕುತ್ತಾನಂತೆ. ಮುಕ್ಕಾಲು ಎಂದು ನಾನು ಪಟ್ಟು ಹಿಡಿದೆ, ತಂಗಿ ಪೂರ್ತಿ ಎಂದಳು, ಚೌಕಾಶಿ ಇನ್ನೂ ಮುಗಿದಿಲ್ಲ. ರೀಲುಗಳಲ್ಲಿ ಈಗ ಎಡಮೂಲೆಯಲ್ಲಿ ‘ಜಾಹೀರಾತು’ ಎಂಬ ಅಕ್ಷರ ಬರುತ್ತಿದೆ, ‘ಹೀ’ಗೆ ದೀರ್ಘ ಹಾಕಲು ಮೊದಲೆರಡು ಸಲ ಮರೆತಿದ್ದ.

ಹೋದ ಭಾನುವಾರ ಮಾಟುಂಗಾದಲ್ಲಿ ಇಬ್ಬರೂ ಉಪಾಹಾರಕ್ಕೆ ಕುಳಿತಿದ್ದೆವು. ಬಿಲ್ಲು ಅವನೇ ಕೊಟ್ಟು, ಚೀಟಿಯನ್ನು ಮಡಚಿ ಪರ್ಸಿನೊಳಗೆ ಇಟ್ಟುಕೊಂಡ. ಸಮಯ ನೋಡಿ ನಾನು ಮೆಲ್ಲನೆ ಕೇಳಿದೆ, “ಈ ಸಲ ಸಂಘದ ಸ್ಮರಣ ಸಂಚಿಕೆಗೆ ನಿನಗೆ ಪರಿಚಯವಾದ ಹೋಟೆಲುಗಳಿಂದ ನಾಲ್ಕು ಜಾಹೀರಾತು ತಂದುಕೊಡುತ್ತೀಯಾ?”

“ಹಿಂದಿನ ಕವರಿಗೆ ಎಷ್ಟು ಮಾಮ?” ಹೇಳಿದೆ. “ಎಷ್ಟು ಪ್ರತಿ ಅಚ್ಚಾಗುತ್ತದೆ?” ಅದನ್ನೂ ಹೇಳಿದೆ. ಮೊಬೈಲ್ ತೆಗೆದು ಏನೋ ಭಾಗಿಸಿದ. ಆಮೇಲೆ, “ಅದರಲ್ಲಿ ಬಿಡಿಸಿ ನೋಡುವವರು ಎಷ್ಟು ಮಂದಿ?” ಎಂದು ಕೇಳಿದ.

ನಲವತ್ತು ವರ್ಷದಲ್ಲಿ ಯಾವ ಧಣಿಯೂ ನಮ್ಮನ್ನು ಇದನ್ನು ಕೇಳಿರಲಿಲ್ಲ. ಇನ್ನೊಂದು ಕಾಫಿ ಹೇಳಿದೆ.